ಹಲ್ಲು ಮುರಿಯದ ಕ್ಯಾಸೆಟ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎರಡೂ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದವನೊಬ್ಬ ತನ್ನ ತಾಯಿಗೆಂದು ಹೇಳಿಟ್ಟ ಮಾತುಗಳನ್ನು ಅಳಿಸಿ, ಅದರ ಮೇಲೆ ನಮ್ಮ ಸಭೆಯ ಹಿರಿಯರನ್ನು ಅಣಕಿಸಿ ಇಟ್ಟವನು ನಾನೇ. ಬೇಕೆಂದೇ ಮಾಡಿದ್ದಲ್ಲ. ಆದರೆ ಬೇಕೆಂದು ಮಾಡಿದವನೂ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ.

ಅಣಕಿಸುವುದು ನನಗೆ ಮೂಲ್ಕಿಯ ಶಾಲೆಯಿಂದಲೇ ಅಂಟಿದ ಚಟ. ಇಪ್ಪತ್ಮೂರನೆಯ ವಯಸ್ಸಿಗೆ ಬಹರೈನಿಗೆ ಬಂದು ಮನಾಮದ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಕೌಂಟರಿಗೆ ನಿಂತ ಮೇಲೆ ಅದು ಇನ್ನಷ್ಟು ಕೊಬ್ಬಿತು. ಸ್ಪಾರ್ಕ್ ಪ್ಲಗ್ ಕೇಳಲು ಬರುವ ಅರಬ್ಬಿ ಅಜ್ಜ, ಉರ್ದುವಿನಲ್ಲೇ ಬೈಯುವ ಪಠಾಣ ಡ್ರೈವರ್, ಮೂಗಿನಲ್ಲೇ ಇಂಗ್ಲಿಷ್ ಆಡುವ ಮ್ಯಾನೇಜರ್, ಎಲ್ಲರೂ ಸಂಜೆ ಸೆಗಯಾದ ನಮ್ಮ ಫ್ಲ್ಯಾಟಿಗೆ ನನ್ನ ಗಂಟಲಿನಲ್ಲಿ ಕುಳಿತು ಬರುತ್ತಿದ್ದರು. ನನ್ನನ್ನೂ ಬಿಟ್ಟವನಲ್ಲ. ಮ್ಯಾನೇಜರ್ ಕರೆದಾಗ ನಾನು "ಸಾರ್" ಎನ್ನುವುದು ಬುಟ್ಟಿಯಡಿ ಸಿಕ್ಕಿದ ಕೋಳಿಯ ಹಾಗಿರುತ್ತದೆಂದು ಸಭೆಯವರೂ ಸೇರಿದಂತೆ ಲೋಕಕ್ಕೆಲ್ಲ ತೋರಿಸಿಕೊಟ್ಟವನು ನಾನೇ. ಬೇರೆಯವರ ಧ್ವನಿ ಹತ್ತಿಪ್ಪತ್ತು ಇರುವಾಗ ಸ್ವಂತದ್ದು ಎಂತಕ್ಕೆ ಅಂತ ಇದ್ದೆ.

ನಮ್ಮ ಸಭೆ ಎಂದರೆ ದೊಡ್ಡ ದೇವಾಲಯವೇನಲ್ಲ. ಬುದಯ್ಯಾ ರಸ್ತೆಯಲ್ಲಿ ಒಂದು ಹಳ್ಳಿ. ಅಲ್ಲಿ ಅಬು ಯೂಸುಫ್ ಎಂಬವರ ಖರ್ಜೂರದ ತೋಟ. ಆ ತೋಟದ ಪಂಪ್ ಶೆಡ್ಡಿನ ಪಕ್ಕದ ಉದ್ದನೆಯ ಕೋಣೆಯಲ್ಲಿ ಶುಕ್ರವಾರ ಬೆಳಿಗ್ಗೆ ನಾವು ಹದಿನೈದು ಹದಿನಾರು ಜನ ಚಾಪೆಯ ಮೇಲೆ ಕೂರುತ್ತಿದ್ದೆವು. ಪ್ರಾರ್ಥನೆ ಎಷ್ಟಾದರೂ ಮಾಡಿ, ಟೊಮೆಟೊ ಗಿಡ ಮಾತ್ರ ತುಳಿಯಬೇಡಿ ಎಂಬುದೊಂದೇ ಅಬು ಯೂಸುಫರ ಷರತ್ತು. ಸಭೆ ಕಟ್ಟಿದವರು ದೇವಪುತ್ರಪ್ಪನವರು. ರಾಯಚೂರು ಕಡೆಯ ಹಳ್ಳಿಯವರು, ಇಲ್ಲಿ ಒಂದು ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವರು. ಅವರ ಊರಿನ ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡದ ಸಭೆಯ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದರು. ಹಾರ್ಮೋನಿಯಂ ಇಲ್ಲ, ಬರೀ ಬಾಯಲ್ಲಿ ಹಾಡಬೇಕು. ಪಾದ್ರಿ ಇಲ್ಲ, ಹಿರಿಯರು ಮಾತ್ರ. ಆರಾಧನೆ ಮುಗಿದ ಮೇಲೆ ಯಾರೂ ನೇರ ಮನೆಗೆ ಹೋಗುವ ಹಾಗಿಲ್ಲ, ಯಾರಿಗಾದರೂ ಕೈಯಾರೆ ಏನಾದರೂ ಮಾಡಿಯೇ ಹೋಗಬೇಕು. ನಾವು ಕರಾವಳಿಯ ಕ್ರೈಸ್ತರು ಹಾರ್ಮೋನಿಯಂ ಇಲ್ಲದೆ ಮೊದಮೊದಲು ಶ್ರುತಿ ಹುಡುಕಿ ಒದ್ದಾಡಿದೆವು. ಆಮೇಲೆ ಅದೇ ಅಭ್ಯಾಸವಾಯಿತು.

ದೇವಪುತ್ರಪ್ಪನವರ ಪ್ರಾರ್ಥನೆಯಂತೂ ನನಗೆ ಚಿನ್ನದ ಗಣಿ. ಕಣ್ಣು ಮುಚ್ಚಿದರೆಂದರೆ ಇಪ್ಪತ್ತೈದು ನಿಮಿಷ. ಬಾಯ್ಲರಿನಲ್ಲಿ ಆವಿ ಏರುವಂತೆ ಮೆಲ್ಲಗೆ ಶುರು, ನಡುವೆ ಒಂದು ದೀರ್ಘ ಮೂಗೆಳೆತ, ಪ್ರತಿ ಹೆಸರಿನ ಕೊನೆಗೂ "ಹೌದಲ್ಲೋ ತಂದೆ". ಸಭೆಯವರೆಲ್ಲರ ಹೆಸರು, ಅವರ ಊರಿನವರ ಹೆಸರು, ಅಬು ಯೂಸುಫರ ಟೊಮೆಟೊ, ಯಾವುದೂ ಬಿಟ್ಟುಹೋಗುತ್ತಿರಲಿಲ್ಲ.

ಕೈಯಾರೆ ಮಾಡುವ ಕೆಲಸದಲ್ಲಿ ನನ್ನ ಪಾಲಿಗೆ ಬಂದದ್ದು ಸಲ್ಮಾನಿಯಾದ ಆಸ್ಪತ್ರೆ. ನಮ್ಮ ಕಡೆಯ ಕೂಲಿಯವರು, ಡ್ರೈವರುಗಳು ಅಲ್ಲಿ ಮಲಗಿರುತ್ತಿದ್ದರು. ನನ್ನ ಹತ್ತಿರ ಟೇಪ್ ರೆಕಾರ್ಡರ್ ಇದ್ದದ್ದರಿಂದ ಅವರ ಮಾತನ್ನು ಕ್ಯಾಸೆಟ್ಟಿಗೆ ತುಂಬಿಸಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುವುದು ನನ್ನ ಸೇವೆ. ಕ್ಯಾಸೆಟ್ಟಿನ ಅಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ತುಂಡಿರುತ್ತದೆ. ಅದನ್ನು ಮುರಿದರೆ ಮತ್ತೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ನಾವು ಅದನ್ನು ಹಲ್ಲು ಎನ್ನುತ್ತಿದ್ದೆವು. "ಮಾತು ಮುಗದ ಕೂಡ್ಲೆ ಹಲ್ಲು ಮುರಿ, ರಂಜನಾ" ಎಂದು ದೇವಪುತ್ರಪ್ಪನವರು ಪ್ರತಿ ವಾರ ಹೇಳುತ್ತಿದ್ದರು. ನಾನು ಪ್ರತಿ ವಾರ ಅವರ ಧ್ವನಿಯಲ್ಲೇ ಅದನ್ನು ಸ್ಟ್ಯಾನಿಗೆ ಹೇಳಿ ನಗಿಸುತ್ತಿದ್ದೆ. ಸ್ಟ್ಯಾನಿ ನನ್ನ ರೂಮ್‌ಮೇಟ್, ನಗುವುದಕ್ಕೆಂದೇ ಹುಟ್ಟಿದವನು.

ಆ ವಾರ ಸಿಕ್ಕಿದವನು ಇದ್ದಿನಬ್ಬ. ವಿಟ್ಲದ ಕಡೆಯ ಬ್ಯಾರಿ ಮುಸಲ್ಮಾನ, ನೀರಿನ ಲಾರಿಯ ಡ್ರೈವರ್. ಲಾರಿ ಮಗುಚಿ ಎರಡೂ ಕಾಲು ಮುರಿದುಹೋಗಿದ್ದವು. ಊರಿಗೆ ಸುದ್ದಿ ಹೋಗುವಾಗ ಕಾಲಿನ ಜೊತೆ ಜೀವವನ್ನೂ ಸೇರಿಸಿ ಯಾರೋ ಹೇಳಿದ್ದರು. ಬದುಕಿದ್ದಾನೆಂದು ಎರಡು ಕಾಗದ ಹೋದರೂ ತಾಯಿ ನಂಬಿರಲಿಲ್ಲ. "ಕಾಗದ ಯಾರೂ ಬರೀಬಹುದಂತೆ. ಸ್ವರ ಕೇಳ್ಬೇಕಂತೆ. ಅಲ್ಲಿವರೆಗೆ ಗಂಜಿ ಸಹ ಮುಟ್ಟುದಿಲ್ಲಂತೆ. ಇದ್ದ ಆಡನ್ನೂ ಮಾರಿದ್ದಾರಂತೆ" ಎಂದ ಇದ್ದಿನಬ್ಬ. ಆಮೇಲೆ ಮೈಕಿಗೆ ನಾಚಿ, ಗೋಡೆಗೆ ಮುಖ ಮಾಡಿ ಇಪ್ಪತ್ತು ನಿಮಿಷ ಬ್ಯಾರಿ ಭಾಷೆಯಲ್ಲಿ ಮಾತಾಡಿದ. ಮರುವಾರ ಶುಕ್ರವಾರ ಸಂಜೆಯ ವಿಮಾನಕ್ಕೆ ಅವನ ಊರಿನ ಅಡುಗೆಯವನೊಬ್ಬ ಹೊರಟಿದ್ದ. ಕ್ಯಾಸೆಟ್ ಅವನ ಕೈಗೆ ಕೊಡಬೇಕು. ನಾನು ಅದನ್ನು ಜೇಬಿಗೆ ಹಾಕಿಕೊಂಡೆ. ಹಲ್ಲು ಮುರಿಯಲಿಲ್ಲ. ಉಗುರು ಕತ್ತರಿಸಿದ್ದೆ, ಮನೆಗೆ ಹೋಗಿ ಮುರಿದರಾಯಿತು ಎಂದುಕೊಂಡೆ.

ಮಂಗಳವಾರ ಸ್ಟ್ಯಾನಿ, "ದೇವಪುತ್ರಪ್ಪನವರನ್ನು ಒಂದು ಸಲ ಟೇಪಿನಲ್ಲಿ ಹಿಡಿ ಮಾರಾಯ, ಊರಿಗೆ ಹೋದ ಮೇಲೂ ಕೇಳ್ಬಹುದು" ಎಂದ. ಹೊಗಳಿಕೆ ಕೇಳಿದರೆ ನನಗೆ ಕಣ್ಣು ಕಾಣಿಸುವುದಿಲ್ಲ. ಮೇಜಿನ ಮೇಲೆ ಕೈಗೆ ಸಿಕ್ಕಿದ ಕ್ಯಾಸೆಟ್ ತುರುಕಿ, ಮೂಗೆಳೆದು, ಪೂರಾ ಇಪ್ಪತ್ತೈದು ನಿಮಿಷ ಪ್ರಾರ್ಥಿಸಿದೆ. "ಆ ಇದ್ದಿನಬ್ಬನ ಎರಡೂ ಕಾಲು ನಿನ್ನ ಕೈಯಾಗ ಅದಾವ, ಹೌದಲ್ಲೋ ತಂದೆ" ಎನ್ನುವಾಗ ಸ್ಟ್ಯಾನಿ ಮಂಚದಿಂದ ಕೆಳಗೆ ಬಿದ್ದ. ಗುರುವಾರ ಸಂಜೆ ಹಲ್ಲು ಮುರಿಯೋಣವೆಂದು ಇದ್ದಿನಬ್ಬನ ಕ್ಯಾಸೆಟ್ ಹುಡುಕಿದೆ. ಸಿಕ್ಕಿದ್ದನ್ನು ಹಾಕಿ ಕೇಳಿದರೆ ಮೂಗೆಳೆತ. ತಿರುಗಿಸಿ ಹಾಕಿದರೆ ಆ ಬದಿ ಖಾಲಿ. ಮತ್ತೆ ಈ ಬದಿ ಹಾಕಿದೆ. ಆವಿ ಏರುತ್ತಿತ್ತು.

ಇದ್ದಿನಬ್ಬನಿಗೆ ಹಿಂದಿನ ದಿನವಷ್ಟೇ ಆಪರೇಶನ್ ಆಗಿತ್ತು. ಕಣ್ಣು ಬಿಡುತ್ತಾನೆ, ಮುಚ್ಚುತ್ತಾನೆ, ಮಾತು ಸರಿಯಿಲ್ಲ ಎಂದು ಸುದ್ದಿ. ಅಲ್ಲಿ ಆ ತಾಯಿ ಗಂಜಿ ಬಿಟ್ಟು ಕೂತಿದ್ದಾರೆ. ಆಗ ನನ್ನ ತಲೆಗೆ ಬಂದ ಯೋಚನೆಯನ್ನು ಹೇಳಲು ಈಗಲೂ ನಾಚಿಕೆ. ಇದ್ದಿನಬ್ಬನ ಧ್ವನಿ ನನಗೆ ಬರುತ್ತದಲ್ಲ. ಬ್ಯಾರಿ ಭಾಷೆ ಮೂಲ್ಕಿ ಪೇಟೆಯಲ್ಲೇ ಕಲಿತದ್ದು. ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತು ತಾಯಿಯನ್ನು ಕರೆಯುವಂತೆ "ಉಮ್ಮಾ" ಎಂದು ನೋಡಿದೆ. ಥೇಟ್ ಇದ್ದಿನಬ್ಬ. ಬಾಗಿಲಾಚೆಯಿಂದ ಸ್ಟ್ಯಾನಿ, "ಯಾರು ಬಂದಿದ್ದಾರೆ ಒಳಗೆ?" ಎಂದ. ಅವನು ನಗಲಿಲ್ಲ. ರೆಕಾರ್ಡ್ ಗುಂಡಿ ಒತ್ತಲು ಬೆರಳು ಮೂರು ಸಲ ಹೋಗಿ ಮೂರು ಸಲ ವಾಪಸು ಬಂತು. ನಾಳೆ ಆರಾಧನೆ ಮುಗಿಸಿ ಬಂದು ಒತ್ತಿದರಾಯಿತು ಎಂದು ಮಲಗಿದೆ. ನಾಳೆ ಏನಿದೆ ಎಂಬುದು ಮರೆತಿತ್ತು.

ಮರುದಿನ ಪಾದ ತೊಳೆಯುವ ಶುಕ್ರವಾರ. ವರ್ಷಕ್ಕೆ ಎರಡು ಸಲ, ರೊಟ್ಟಿ ಹಂಚಿ ತಿನ್ನುವ ಕರ್ತನ ಭೋಜನಕ್ಕೆ ಮೊದಲು, ಸಾಲಿನಲ್ಲಿ ಅಕ್ಕಪಕ್ಕ ಕೂತವರು ಒಬ್ಬರ ಪಾದವನ್ನೊಬ್ಬರು ತೊಳೆಯಬೇಕು. ಗಂಡಸರು ಈಚೆ, ಹೆಂಗಸರು ಪರದೆಯ ಆಚೆ. ನೀರು ಮುಟ್ಟುವ ಮೊದಲು ತೊಳೆಯುವವರು ಕೇಳಬೇಕು: ನಮ್ಮ ನಡುವೆ ಏನಾದರೂ ಉಂಟೋ? ಇದ್ದರೆ ಅಲ್ಲೇ ಹೇಳಬೇಕು. ಸುಳ್ಳು ಹೇಳಿ ಪಾದ ಮುಂದೆ ಚಾಚುವ ಹಾಗಿಲ್ಲ. ನಾನು ಸಾಲನ್ನು ಎರಡೆರಡಾಗಿ ಎಣಿಸಿ, ಸ್ಟ್ಯಾನಿಯ ಜೋಡಿ ಬರುವಂತೆ ಕೂತೆ. ಸ್ಟ್ಯಾನಿಗೆ ನನ್ನ ಪಾಪವೆಲ್ಲ ಗೊತ್ತು, ಅರ್ಧ ಅವನದೇ. ಎರಡನೆಯ ಹಾಡು ನಡೆಯುವಾಗ ನಮ್ಮ ಸಭೆಯವನೇ ಆದ ತೋಟದ ಮಾಲಿ ತಡವಾಗಿ ಬಂದು, ಎಣಿಕೆ ಶುರುವಾಗುವ ತುದಿಯಲ್ಲಿ ಕೂತ. ಲೆಕ್ಕ ಒಬ್ಬರಷ್ಟು ಮುಂದೆ ಜರುಗಿತು. ಸ್ಟ್ಯಾನಿ ಆಚೆಯವರ ಪಾಲಾದ. ನನ್ನ ಈಚೆ ಕೂತಿದ್ದವರು ದೇವಪುತ್ರಪ್ಪನವರು.

ನೀಲಿ ಪ್ಲಾಸ್ಟಿಕ್ ಟಬ್ಬು ನಮ್ಮ ಮುಂದೆ ಬಂತು. ಅವರು ಟವೆಲು ಸೊಂಟಕ್ಕೆ ಕಟ್ಟಿ ಮಂಡಿಯೂರಿದರು. ಬಾಯ್ಲರಿನ ಬಿಸಿಗೆ ಚರ್ಮ ಸುಲಿದ ಕೈಗಳು. ನನ್ನ ಕಾಲ್ಚೀಲ ತೆಗೆದರೆ ಹೆಬ್ಬೆರಳಿನ ಹತ್ತಿರ ತೂತು. ಅಷ್ಟರಲ್ಲೂ ನನಗೆ ಆ ತೂತಿನದೇ ನಾಚಿಕೆ.

"ನಮ್ಮಿಬ್ಬರ ನಡುವ ಏನರೆ ಅದನೇನಪ್ಪಾ?" ಎಂದರು.

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ನನ್ನ ಗಂಟಲಿನಲ್ಲಿದ್ದ ಹತ್ತಿಪ್ಪತ್ತು ಮಂದಿಯಲ್ಲಿ ಒಬ್ಬನೂ ಸಹಾಯಕ್ಕೆ ಬರಲಿಲ್ಲ. ಕೊನೆಗೆ ಬುಟ್ಟಿಯಡಿಯ ಕೋಳಿಯೇ ಎಲ್ಲವನ್ನೂ ಹೇಳಿತು. ಕ್ಯಾಸೆಟ್, ಹಲ್ಲು, ಮೂಗೆಳೆತ, ಬಾತ್‌ರೂಮಿನ ಉಮ್ಮ, ಎಲ್ಲ. ಸುತ್ತಲಿನ ಟಬ್ಬುಗಳಲ್ಲಿ ನೀರಿನ ಸದ್ದು ನಿಂತಿತು. ಪರದೆಯ ಆಚೆಯೂ ನಿಂತಿತು. ದೇವಪುತ್ರಪ್ಪನವರು ತಲೆ ಎತ್ತಲಿಲ್ಲ. ನನ್ನ ಎರಡೂ ಪಾದ ತೊಳೆದು, ಬೆರಳು ಬೆರಳಿನ ಸಂದಿಯನ್ನೂ ಒರೆಸಿದರು. ಅಷ್ಟು ಹೊತ್ತು ಯಾರಾದರೂ ನನ್ನನ್ನು ಬೈದಿದ್ದರೆ ಆರಾಮವಿತ್ತು. "ವಿಮಾನ ಎಷ್ಟಕ್ಕದ?" ಎಂದರು. ಏಳಕ್ಕೆ ಎಂದೆ. "ಹಂಗಾರ ನನ್ನ ಕಾಲು ಲಗೂ ತೊಳಿ."

ಮಧ್ಯಾಹ್ನ ವಾರ್ಡಿನಲ್ಲಿ ಇದ್ದಿನಬ್ಬ ಎಚ್ಚರವಾಗಿದ್ದ, ಸ್ವರ ಮಾತ್ರ ಸಣ್ಣದಾಗಿತ್ತು. "ನೀನಽ ಹೇಳು" ಎಂದು ಹಿರಿಯರು ನನ್ನನ್ನು ಮುಂದೆ ನೂಕಿ ಬಾಗಿಲ ಬಳಿ ನಿಂತರು. ಹೇಳಿದೆ. ಅವನು ತಲೆಯನ್ನು ನನ್ನ ಕಡೆ ಹೊರಳಿಸಿದ. "ನನ್ನ ಸ್ವರದಲ್ಲಿ ಎಂತ ಹೇಳ್ಲಿಕ್ಕಿದ್ದೆ ನೀನು?" ಎಂದ. ತಪ್ಪಿಸಿಕೊಳ್ಳುವಂತಿರಲಿಲ್ಲ. ನನ್ನ ಬಂಗಾರದ ಉಮ್ಮಾ, ನಿಮ್ಮನ್ನು ನೆನೆಸದ ಗಳಿಗೆಯಿಲ್ಲ ಎಂದು ಶುರುಮಾಡಿ ನಾಲ್ಕು ಸಾಲು ಒಪ್ಪಿಸಿದೆ.

"ಸಾಕು ಮಾರಾಯ" ಎಂದ ಇದ್ದಿನಬ್ಬ. "ಇದನ್ನು ಕೇಳಿದ್ರೆ ಉಮ್ಮ ನಾನು ಸತ್ತದ್ದೇ ಹೌದು ಹೇಳಿ ಅಳ್ತಾರೆ. ಬಂಗಾರ ಅಂತ ನಾನು ಯಾವತ್ತು ಕರೆದಿದ್ದೇನೆ? ಕೊಡು ಇಲ್ಲಿ ಮೈಕು."

ಕೈಯಲ್ಲಿದ್ದದ್ದು ಅದೊಂದೇ ಕ್ಯಾಸೆಟ್. ಅದನ್ನೇ ಮೊದಲಿಂದ ಹಾಕಿದೆ. ಇದ್ದಿನಬ್ಬ ತಾಯಿಯನ್ನು ಎಂಟು ನಿಮಿಷ ಬೈದ. ಗಂಜಿ ಬಿಟ್ಟದ್ದಕ್ಕೆ ಬೈದ, ಆಡು ಮಾರಿದ್ದಕ್ಕೆ ಬೈದ, ಕಂಡವರ ಮಾತು ನಂಬಿದ್ದಕ್ಕೆ ಬೈದ. ಅಷ್ಟಕ್ಕೆ ಸುಸ್ತಾಗಿ ಕಣ್ಣು ಮುಚ್ಚಿದ. ನಾನು ಟೇಪು ನಿಲ್ಲಿಸಿದ್ದೇ ತಡ, ದೇವಪುತ್ರಪ್ಪನವರು ಕ್ಯಾಸೆಟ್ ಕಸಿದುಕೊಂಡು ತಮ್ಮ ಹೆಬ್ಬೆರಳ ಉಗುರಿನಿಂದ ಹಲ್ಲು ಮುರಿದರು. ಟಕ್ ಎಂದಾಗ ನನಗೆ ಹೊಳೆಯಿತು, ಎಂಟು ನಿಮಿಷದ ಮುಂದೆ ನನ್ನ ಪ್ರಾರ್ಥನೆ ಇನ್ನೂ ಹದಿನೇಳು ನಿಮಿಷ ಹಾಗೇ ಉಳಿದಿದೆ. ಒಂದೇ ದಿನ ಎರಡು ಸಲ ತಪ್ಪೊಪ್ಪಿಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಕ್ಯಾಸೆಟ್ ಅಡುಗೆಯವನ ಚೀಲ ಸೇರಿತು.

ಮುಂದಿನ ನಾಲ್ಕು ಶುಕ್ರವಾರ ನಾನು ಹೇಗೆ ಕಳೆದೆನೆಂದು ಕೇಳಬೇಡಿ. ಸ್ಟ್ಯಾನಿ ಎಷ್ಟು ಕೇಳಿದರೂ ಯಾರನ್ನೂ ಅಣಕಿಸಲಿಲ್ಲ. ಐದನೆಯ ವಾರ ಊರಿನಿಂದ ಮರುಕ್ಯಾಸೆಟ್ ಬಂತು. ಇದ್ದಿನಬ್ಬನ ಮಂಚದ ಬಳಿ ನಾನೂ ದೇವಪುತ್ರಪ್ಪನವರೂ ಕೂತೆವು. ತಾಯಿಯ ಸ್ವರ ಗಟ್ಟಿಯಾಗಿತ್ತು, ಗಂಜಿ ಕುಡಿದ ಸ್ವರ. ಮಗನಿಗೆ ಬಡ್ಡಿ ಸೇರಿಸಿ ಬೈಗಳು ವಾಪಸು ಬಂದವು. ಕೊನೆಗೆ ಅವರು ಬ್ಯಾರಿಯಲ್ಲಿ ಹೇಳಿದ್ದನ್ನು ಇದ್ದಿನಬ್ಬ ಕನ್ನಡ ಮಾಡಿ ದೇವಪುತ್ರಪ್ಪನವರಿಗೆ ಹೇಳಿದ:

"ನಿನ್ನ ಮಾತು ಮುಗಿದ ಮೇಲೆ ಒಬ್ಬರು ನಿನ್ನ ಕಾಲಿಗಾಗಿ ದುಆ ಮಾಡಿದ್ರಲ್ಲ, ಯಾರವರು ಅಂತ ಕೇಳ್ತಾರೆ. ಭಾಷೆ ಅರ್ಧ ಗೊತ್ತಾಗ್ಲಿಲ್ಲಂತೆ. ಆದ್ರೂ ದಿನಾ ಹಾಕಿ ಕೇಳ್ತಾರಂತೆ. ಒಳ್ಳೆ ದುಆ, ಸ್ವಲ್ಪ ಉದ್ದ ಆಯ್ತು ಹೇಳಿದ್ದಾರೆ."

ದೇವಪುತ್ರಪ್ಪನವರು ಒಂದು ಸಲ ಮೂಗೆಳೆದರು. ಅದು ನಾನು ಎಳೆಯುತ್ತಿದ್ದದ್ದಕ್ಕಿಂತ ಗಿಡ್ಡವಾಗಿತ್ತು. ಎದ್ದು ನನ್ನ ಭುಜದ ಮೇಲೆ ಕೈಯಿಟ್ಟರು.

"ಚಲೋ ಅದ ಅಂದದ್ದು ನಿನಗ, ಉದ್ದ ಆತು ಅಂದದ್ದು ನನಗ. ಬರೋ ಶುಕ್ರವಾರ ಪ್ರಾರ್ಥನಿ ನೀನಽ ಮಾಡಪ್ಪಾ. ಅವತ್ತು ಪಾದ ತೊಳಿಯುವಾಗ ಹೊಂಟಿತ್ತಲ್ಲ, ಆ ಕೋಳಿ ಧ್ವನಿಯಾಗಽ ಮಾಡು."