ನಡುವಿನ ಎರಡು ಚುಕ್ಕಿ

ನಿನಗೆ ಎಷ್ಟು ತಾಕತ್ತಿದೆಯೋ ಅಷ್ಟನ್ನು ನೀನೇ ಆರಿಸಿಕೋ ಎಂದರೆ ಯಾರೂ ಕೆಳಗಿನದಕ್ಕೆ ಕೈ ಹಾಕುವುದಿಲ್ಲ. ನಾನಂತೂ ಹಾಕಲಿಲ್ಲ. ಶಾಲೆಯನ್ನು ಎರಡನೇ ಇಯತ್ತೆಗೇ ಬಿಟ್ಟವಳು ನಾನು. ಆದರೆ ನಿಪ್ಪಾಣಿಯ ನಮ್ಮ ಓಣಿಯಲ್ಲಿ ಬೀಡಿ ಕಟ್ಟಲು ಕೂತರೆ ನನ್ನ ಸರಿಸಮ ಯಾರೂ ಇರಲಿಲ್ಲ. ಹೋದ ವರ್ಷ ಲಕ್ವ ಬಡಿದು ಎಡಗೈ ಬೆರಳು ಸೆಟೆದು ನಿಂತವು. ಬೀಡಿಯ ಬಾಯಿ ಮಡಚಿ ಮುಚ್ಚುವುದು ಆ ಬೆರಳುಗಳ ಕೆಲಸ. ಅವು ಏಳದಿದ್ದರೆ ಗೆಳತಿ ಶೇವಂತಾಳ ಮನೆಯ ಕಟ್ಟೆಯ ಮೇಲೆ, ಬೀಡಿ ಕಟ್ಟುವ ಹೆಂಗಸರ ಸಾಲಿನಲ್ಲಿ, ನನ್ನ ಜಾಗ ಹೋಯಿತೆಂದೇ ಲೆಕ್ಕ. ಮನೆಯಲ್ಲಿ ಕೂತು ಗೋಡೆ ನೋಡುವುದು ನನ್ನಿಂದಾಗದ ಕೆಲಸ.

ಬೆರಳು ಆಡಿಸುತ್ತಿರಿ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅದನ್ನು ನಾಯಿ ಕಚ್ಚಿಕೊಂಡು ಹೋಯಿತು; ನಾನೂ ಬೆನ್ನಟ್ಟಲಿಲ್ಲ. ಆಗ ಅಂಗನವಾಡಿಯಲ್ಲಿ ಕೆಲಸ ಮಾಡುವ ಸೊಸೆ ಸುನಂದಾ ತನ್ನ ಟಚ್ ಮೊಬೈಲ್ ತಂದು ಕೈಗಿಟ್ಟಳು. ಅದರಲ್ಲೊಂದು ಆಟ. ಹಾಡು ಶುರುವಾಗುತ್ತದೆ, ತಾಳಕ್ಕೆ ಸರಿಯಾಗಿ ಕರಿಪಟ್ಟಿಗಳು ಮೇಲಿನಿಂದ ಇಳಿಯುತ್ತವೆ, ಕೆಳಗಿನ ಗೆರೆ ಮುಟ್ಟಿದ ಕೂಡಲೇ ಎಡಗಡೆಯದನ್ನು ಎಡಗೈಯಿಂದ, ಬಲಗಡೆಯದನ್ನು ಬಲಗೈಯಿಂದ ಒತ್ತಬೇಕು. ತಪ್ಪಿದರೆ ಹಾಡೇ ನಿಲ್ಲುತ್ತದೆ. ಸುಲಭದ್ದಕ್ಕೆ ಒಂದು ಚುಕ್ಕಿ, ನಡುವಿನದಕ್ಕೆ ಎರಡು, ಕಠಿಣದ್ದಕ್ಕೆ ಮೂರು.

"ಅತ್ತಿ, ಮೊದಲ ಒಂದ ಚುಕ್ಕಿ ಒತ್ತರಿ," ಎಂದಳು ಸುನಂದಾ.

"ಅದು ನಿನ್ನ ಅಂಗನವಾಡಿ ಕೂಸುಗೋಳಿಗೆ ಇರಲಿ. ನನ್ನ ಕೈ ಏನಂತ ತಿಳಿದಿ?"

ಮೂರು ಚುಕ್ಕಿ ಒತ್ತಿದೆ. ಹಾಡುವವಳು ಬಾಯಿ ತೆರೆದಳು, ಅಷ್ಟೇ, ಸುಮ್ಮನಾದಳು.

"ನಿನ್ನ ಮೊಬೈಲ್ ಕೆಟ್ಟೈತಿ."

"ಮೊಬೈಲ್ ಛಲೋ ಐತ್ರಿ. ನೀವ ಬಾಗಲಾ ನೋಡಾಕತ್ತೀರಿ!"

ನಿಜ. ಬೀಡಿ ಕಟ್ಟುವವರು ಕೈ ನೋಡುವುದಿಲ್ಲ. ಕೈ ತನ್ನ ಪಾಡಿಗೆ ಸುತ್ತುತ್ತದೆ, ಕಣ್ಣು ರಸ್ತೆಯ ಮೇಲೆ, ಬಾಯಿ ಪಕ್ಕದ ಮನೆಯ ಸುದ್ದಿಯ ಮೇಲೆ. ಆ ಚಾಳಿ ಎಲ್ಲಿ ಹೋದೀತು? ಇರಲಿ ಎಂದು ಕಣ್ಣು ಕೀಲಿಸಿ ನೋಡಿದರೂ ಎಡಗೈ ಏಳುವಷ್ಟರಲ್ಲಿ ಪಟ್ಟಿಗಳು ನಿಲ್ಲದ ಬಸ್ಸಿನ ಹಾಗೆ ದಾಟಿ ಹೋಗುತ್ತಿದ್ದವು.

ಸೊಸೆ ಅಡುಗೆಮನೆಗೆ ಹೋದಾಗ ಮೆಲ್ಲಗೆ ಒಂದು ಚುಕ್ಕಿ ಒತ್ತಿದೆ. ಹಾಡು ಅಡುಗೆಮನೆಗೂ ಕೇಳುವಷ್ಟು ನಿಧಾನವಾಯಿತು, ಪಟ್ಟಿ ನಿದ್ದೆಗಣ್ಣಿನ ಎಮ್ಮೆಯ ಹಾಗೆ ಇಳಿಯತೊಡಗಿತು. ಅದು ಗೆರೆ ಮುಟ್ಟುವ ಮೊದಲೇ ನನ್ನ ಬಲಗೈ ಬಡಿದುಬಿಟ್ಟಿತು. ಹಾಡು ನಿಂತಿತು.

"ಅತ್ತಿ, ಇದರಾಗೂ ಸೋತ್ರಿ?" ಒಳಗಿನಿಂದ ನಗು ಬೇರೆ.

"ಅದು ಬರೂದ್ರಾಗ ನಾ ಒಂದ ಕಟ್ಟ ಬೀಡಿ ಮುಗಸ್ತಿದ್ನಿ!"

ಸುನಂದಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಪಕ್ಕಕ್ಕೆ ಕೂತು, ನನ್ನ ಎರಡೂ ಕೈ ನೋಡಿದಳು. ನಗು ನಿಂತಿತ್ತು. "ಬಲಗೈಗೆ ಇದು ಸಾವಕಾಶ, ಎಡಗೈಗೆ ಅದು ಜೋರ. ಇಬ್ಬರಿಗೂ ನಡುವಿಂದ ನೋಡೂಣ್ರಿ."

ಎರಡು ಚುಕ್ಕಿಯಲ್ಲಿ ಬಲಗೈ ಕಾಯುವುದನ್ನು ಕಲಿಯಬೇಕಾಯಿತು, ಎಡಗೈ ಓಡುವುದನ್ನು. ಕಾಯುವುದೇ ಹೆಚ್ಚು ತ್ರಾಸಾಯಿತು. ಸುತ್ತಲಿನ ಕಬ್ಬೆಲ್ಲ ಕಾರ್ಖಾನೆಗೆ ಹೋಗಿ ಮುಗಿಯುವ ಹೊತ್ತಿಗೆ ಒಂದು ಸಂಜೆ ಹಾಡು ಕೊನೆಯವರೆಗೂ ಹೋಯಿತು. ಅಷ್ಟು ದಿನ ಒದ್ದಾಡಿದ ಹಾಡು ಇಷ್ಟೇ ಏನು ಅನ್ನಿಸಿತು. ಸುನಂದಾ ಹೊಗಳಲಿಲ್ಲ, ಆ ಹೊತ್ತಿನ ಚಹಾಕ್ಕೆ ಸಕ್ಕರೆ ಮಾತ್ರ ಜಾಸ್ತಿ ಬಿದ್ದಿತ್ತು.

ಮರುದಿನವೇ ಬೀಡಿ ಕಟ್ಟುವ ಮೊರ ಎತ್ತಿಕೊಂಡು ಕಟ್ಟೆಗೆ ಹೋದೆ. "ಅಗಬಾಯಿ, ಬಂದೇನ ಬೇ? ಕೂಡ!" ಎಂದು ಶೇವಂತಾ ಸರಿದು ನನ್ನ ಜಾಗ ನನಗೇ ಬಿಟ್ಟಳು. ಬಿಟ್ಟವಳೇ ಮುಂದೆ ಕತ್ತರಿ ಮತ್ತು ನೆನೆಸಿದ ಎಲೆ ಇಟ್ಟಳು. ಎಲೆ ಕತ್ತರಿಸುವುದು ಹೊಸದಾಗಿ ಕಲಿಯುವ ಹುಡುಗಿಯರಿಗೆ ಕೊಡುವ ಕೆಲಸ.

"ನಾ ಬೀಡಿ ಕಟ್ಟಾಕಿ. ಎಲಿ ಕತ್ತರಸಾಕ ಬಂದಿಲ್ಲ."

"ಇವತ್ತ ಕತ್ತರಸ. ಜಾಗಾ ಎಲ್ಲೂ ಓಡಿ ಹೋಗೂದಿಲ್ಲ."

ಅವಳು ಆಚೆ ತಿರುಗಿದ್ದೇ ತಡ, ಒಂದು ಎಲೆಗೆ ತಂಬಾಕು ತುಂಬಿ, ಸುತ್ತಿ, ಎಡಬೆರಳಿನಿಂದ ಬಾಯಿ ಮಡಚಿದೆ. ಮುಚ್ಚಿತು ಅನ್ನುವಷ್ಟರಲ್ಲಿ ಬಾಯಿ ಬಿಟ್ಟುಕೊಂಡು ತಂಬಾಕೆಲ್ಲ ಶೇವಂತಾಳ ಸೀರೆಯ ಮೇಲೆ ಬಿತ್ತು. ಅವಳು ಸೀರೆ ಝಾಡಿಸಿಕೊಂಡು, ಮೊಣಕೈಯಿಂದ ಕತ್ತರಿಯನ್ನು ನನ್ನ ಕಡೆ ನೂಕಿದಳು.

ಮೊಬೈಲಿನಲ್ಲಿ ನನ್ನದು ಎರಡು ಚುಕ್ಕಿ, ಕಟ್ಟೆಯ ಮೇಲೆ ಸದ್ಯಕ್ಕೆ ಒಂದೇ. ಎಲೆ ಕತ್ತರಿಸುವಾಗ ಮಾತ್ರ ರಸ್ತೆ ನೋಡುವುದನ್ನು ಬಿಟ್ಟಿದ್ದೇನೆ. ಇಷ್ಟು ಆಡಿಸಿ ಎಬ್ಬಿಸಿದ ಬೆರಳುಗಳನ್ನು ನಾನೇ ಕತ್ತರಿಸಿಕೊಂಡರೆ, ಆಟವನ್ನು ಮತ್ತೆ ಯಾವ ಚುಕ್ಕಿಯಿಂದ ಶುರು ಮಾಡಲಿ?