ನಲವತ್ತು ಜಿಬಿಯಲ್ಲಿ ಮೂರು ಜಿಬಿ ಖರಾಬು

ಹಾರ್ಡ್ ಡಿಸ್ಕ್ ಒಂದಲ್ಲ ಒಂದು ದಿನ ಸಾಯುತ್ತದೆ, ಅದಕ್ಕೆ ನಾನೇನೂ ಅಳುವುದಿಲ್ಲ. ಸತ್ತ ಮೇಲೆ ಮನೆಯವರು ಆಡುವ ಮಾತಿದೆಯಲ್ಲ, ಅದನ್ನು ಕೇಳಿಸಿಕೊಂಡು ನಗದೆ ನಿಲ್ಲುವುದೇ ನನ್ನ ಕಸುಬಿನ ಕಷ್ಟದ ಭಾಗ. ಮನೆಗಳಿಗೆ ಕಂಪ್ಯೂಟರ್ ಆಗಷ್ಟೇ ಬರುತ್ತಿದ್ದ ಕಾಲದಲ್ಲಿ ಅರಸೀಕೆರೆ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ರಿಪೇರಿ ಅಂಗಡಿ ಇತ್ತು. ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು ಎರಡು ತಾಲ್ಲೂಕು ತಿರುಗಿದ್ದೇನೆ. ಹೋದ ಕಡೆಯೆಲ್ಲ "ಬ್ಯಾಕಪ್ ಇಟ್ಕೊಳ್ಳಿ, ಬ್ಯಾಕಪ್ ಇಟ್ಕೊಳ್ಳಿ" ಅಂತ ದಾಸಯ್ಯನ ಹಾಗೆ ಜಾಗಟೆ ಬಡಿದಿದ್ದೇನೆ. ಜನ ಕೇಳಲಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಕೇಳಿದರು. ತೊಂದರೆ ಆಗಿದ್ದೇ ಅಲ್ಲಿ.

೧. ಭರ್ತಿ ಎರಡು ಗಂಟೆ

ಬಾಣಾವರದಲ್ಲಿ ರೈಲ್ವೆ ಕೆಲಸದಿಂದ ನಿವೃತ್ತರಾದ ಯಜಮಾನರೊಬ್ಬರಿದ್ದರು. ಹಿರೀ ಮಗಳ ಮದುವೆಗೆ ಯಾರ್ಯಾರನ್ನು ಕರೆಯಬೇಕು ಅನ್ನುವ ಪಟ್ಟಿಯನ್ನು ನಾಲ್ಕು ತಿಂಗಳು ಕೂತು, ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿ ತಯಾರು ಮಾಡಿದ್ದರು. ಬೀಗರು, ದಾಯಾದಿಗಳು, ದಾಯಾದಿಗಳ ಬೀಗರು, ಎಲ್ಲರೂ ವಿಳಾಸ ಸಮೇತ ಅದರಲ್ಲಿದ್ದರು.

ಮದುವೆಗೆ ಒಂದು ತಿಂಗಳಿದೆ ಅನ್ನುವಾಗ ಫೋನ್ ಬಂತು. "ಡಬ್ಬದೊಳಗೆ ಯಾರೋ ಅಡಕೆ ಕತ್ತರಿಸ್ತಾ ಇರೋ ಹಾಗೆ ಕಟಕಟ ಅಂತಿದೆ, ಬೇಗ ಬನ್ರೀ."

ಹೋಗಿ ನೋಡಿದೆ. ಹಾರ್ಡ್ ಡಿಸ್ಕ್ ಮುಗಿದಿತ್ತು. ಆದರೂ ನನಗೆ ಗಾಬರಿಯಾಗಲಿಲ್ಲ, ಯಾಕೆಂದರೆ ಬ್ಯಾಕಪ್ ವಿಷಯ ಇವರಿಗೆ ಮೂರು ಸಲ ಹೇಳಿದ್ದೆ.

"ಯೋಚನೆ ಮಾಡ್ಬೇಡಿ ಸಾರ್. ಬ್ಯಾಕಪ್ ಇದೆಯಲ್ಲ?"

"ಇಲ್ದೆ ಏನ್ರೀ? ನೀವು ಹೇಳಿದ ವಾರವೇ ಮಾಡಿಸ್ದೆ. ಭರ್ತಿ ಎರಡು ಗಂಟೆ ಬರುತ್ತೆ!" ಅಂತ ಹೆಮ್ಮೆಯಿಂದ ಮೇಜಿನ ಕೆಳಗೆ ಬೆರಳು ತೋರಿಸಿದರು. ಅಲ್ಲಿ ಕುಂಬಳಕಾಯಿ ಗಾತ್ರದ ಹೊಸ ಯುಪಿಎಸ್ ಕೂತು ಹಸಿರು ದೀಪ ಮಿಟುಕಿಸುತ್ತಿತ್ತು. ಕರೆಂಟು ಹೋದರೂ ಸತ್ತ ಹಾರ್ಡ್ ಡಿಸ್ಕನ್ನು ಎರಡು ಗಂಟೆ ಧಾರಾಳವಾಗಿ ನೋಡುತ್ತ ಕೂರಬಹುದಿತ್ತು.

ಪಟ್ಟಿಯಿಲ್ಲದೆ ಮದುವೆ ಆಯಿತು. ನೆನಪಿಗೆ ಬಂದವರನ್ನು ಕರೆದರು, ಬಾರದವರಿಗೆ "ಹಾರ್ಡ್ ಡಿಸ್ಕ್ ಹೋಯ್ತು, ನಿಮ್ಮ ಹೆಸರೂ ಅದರಲ್ಲೇ ಹೋಯ್ತು" ಅಂದರು. ಪಾಪ, ಎಷ್ಟು ನೊಂದರೋ ಅಂದುಕೊಂಡಿದ್ದೆ. ಎರಡು ವರ್ಷದ ಮೇಲೆ ಮತ್ತೆ ಫೋನ್ ಮಾಡಿದರು.

"ಎರಡನೇ ಮಗಳದ್ದೂ ನಿಶ್ಚಯ ಆಯ್ತು ಕಣ್ರೀ. ಹೋದ ಸಲ ಊಟದ ಖರ್ಚು ಅರ್ಧ ಉಳೀತು. ಆ ಹಳೇ ಹಾರ್ಡ್ ಡಿಸ್ಕೇ ಇದ್ರೆ ಹಾಕಿಕೊಡಿ."

೨. ಅರಗಿನ ಮುದ್ರೆ

ಅರಸೀಕೆರೆಯಲ್ಲೇ ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು. ಮನೆಯ ಆಲ್ಬಮ್ಮುಗಳಿಗೆ ಗೆದ್ದಲು ಹತ್ತಿದ್ದರಿಂದ ಅದು ತಿನ್ನದೆ ಉಳಿಸಿದ್ದ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ತುಂಬಿಸಿದ್ದರು. ನಾನು ಇನ್ನೊಂದು ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ಕಾಪಿ ಮಾಡಿ ಅವರ ಕೈಗೆ ಕೊಟ್ಟು, "ಇದನ್ನ ಇದೇ ಮನೇಲಿ ಇಡಬೇಡಿ ಸಾರ್. ಬೇರೆ ಊರಲ್ಲಿ ನಂಬಿಕಸ್ಥರ ಹತ್ರ ಇರಲಿ" ಅಂದೆ.

ಅವರ ಮುಖ ಅರಳಿತು. ನಿವೃತ್ತಿಯಾದ ಮೇಲೆ ಮೊದಲ ಬಾರಿಗೆ ಯಾರೋ ಅವರಿಗೆ ಅರ್ಥವಾಗುವ ಮಾತಾಡಿದ್ದರು. ಡಿಸ್ಕಿಗೆ ಹತ್ತಿ ಸುತ್ತಿ, ಬಟ್ಟೆಯಲ್ಲಿ ಹೊಲಿದು, ಎಂಟು ಕಡೆ ಅರಗಿನ ಮುದ್ರೆ ಒತ್ತಿ, ಗೆಂಡೆಹಳ್ಳಿಯ ಭಾವಮೈದನಿಗೆ ರಿಜಿಸ್ಟರ್ಡ್ ಪಾರ್ಸಲ್ ಮಾಡಿದರು. ಬಸ್ಸು ಹತ್ತಿದ್ದರೆ ಅವತ್ತೇ ಕೈಯಾರೆ ಕೊಟ್ಟು ಬರಬಹುದಿತ್ತು. ಆದರೆ ಬಸ್ ಕಂಡಕ್ಟರ್ ಸ್ವೀಕೃತಿ ಪತ್ರ ಕೊಡುವುದಿಲ್ಲವಲ್ಲ.

ಒಂದೂವರೆ ವರ್ಷದ ಮೇಲೆ ಸಿಡಿಲು ಬಡಿದು ಮನೆಯ ಕಂಪ್ಯೂಟರ್ ಸುಟ್ಟಿತು. ಅವರ ಹೆಂಡತಿ ಫೋಟೋಗಳು ಹೋದವಲ್ಲ ಅಂತ ಅಳುತ್ತಿದ್ದರೆ ಇವರು ಫೈಲಿನಿಂದ ಆ ಸ್ವೀಕೃತಿ ಪತ್ರ ತೆಗೆದು, "ಸುಮ್ನಿರೇ. ಎಲ್ಲದಕ್ಕೂ ದಾಖಲೆ ಇದೆ" ಅಂದರು. ನನ್ನನ್ನೂ ಕರೆದುಕೊಂಡು ಗೆಂಡೆಹಳ್ಳಿಗೆ ಹೊರಟರು.

ಭಾವಮೈದ ಬಾಗಿಲಲ್ಲೇ ಕೈ ಹಿಡಿದುಕೊಂಡ. "ಭಾವ, ಎಂಥಾ ಉಡುಗೊರೆ ಕಳಿಸಿದ್ರಿ! ಸರಿಯಾಗಿ ದೀಪಾವಳಿ ಹಿಂದಿನ ದಿನ ಬಂತು. ನನ್ನ ಕಂಪ್ಯೂಟರ್‌ಗೇ ಹಾಕಿಸ್ಕೊಂಡೆ. ಒಳಗೆ ಯಾವುದೋ ಹಳೇ ಕಾಲದ ಫೋಟೋ ಕಸ ಇತ್ತು. ಎಲ್ಲಾ ಅಳಿಸಿ ಸಿನಿಮಾ ತುಂಬಿಸಿದ್ದೀನಿ. ಜಾಗ ಸಾಲ್ತಾ ಇಲ್ಲ ನೋಡಿ!"

ನಾನು ನೆಲ ನೋಡುತ್ತ ಕೂತೆ. ಕಾಫಿ ಬಂತು. ಪೋಸ್ಟ್ ಮಾಸ್ತರರು ಅರ್ಧ ಲೋಟ ಕುಡಿದು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು. "ಪಾರ್ಸಲ್ ಕೈಗೆ ಬಂದಾಗ ಅರಗು ಒಡೆದಿತ್ತಾ?"

"ಇಲ್ಲ ಭಾವ. ಎಂಟೂ ಗಟ್ಟಿಯಾಗಿದ್ವು."

"ಹಾಗಾದ್ರೆ ಇಲಾಖೆಯದ್ದು ಏನೂ ತಪ್ಪಿಲ್ಲ" ಅಂತ ಉಳಿದ ಕಾಫಿ ನೆಮ್ಮದಿಯಾಗಿ ಕುಡಿದರು.

೩. ಬಾಗಿದ ಬಾಣ

ಹಳೇಬೀಡಿನಲ್ಲಿ ಪ್ರವಾಸಿಗರಿಗೆ ದೇವಸ್ಥಾನ ತೋರಿಸುವ ಗೈಡ್ ಒಬ್ಬರು ಶಿಲ್ಪಗಳ ಬಗ್ಗೆ ಮುನ್ನೂರು ಪುಟದ ಪುಸ್ತಕ ಬರೆದಿದ್ದರು. ಕಂಪ್ಯೂಟರ್ ಕೈಕೊಟ್ಟ ದಿನ ಬಹಳ ಗತ್ತಿನಲ್ಲಿ ಜೇಬಿನಿಂದ ಫ್ಲಾಪಿ ತೆಗೆದರು.

"ನಾನು ಬೇರೆಯವರ ಹಾಗಲ್ಲ ರೀ. ದಿನಾ ಸಂಜೆ ತಪ್ಪದೆ ಇದಕ್ಕೆ ಕಾಪಿ ಮಾಡ್ತೀನಿ."

ಹೊಸ ಹಾರ್ಡ್ ಡಿಸ್ಕ್ ಜೋಡಿಸಿ, ಫ್ಲಾಪಿ ಹಾಕಿ ನೋಡಿದೆ. ಪುಸ್ತಕದ ಹೆಸರು ಇತ್ತು. ಅದರ ಮೂಲೆಯಲ್ಲಿ ಬಾಗಿದ ಪುಟ್ಟ ಬಾಣವೂ ಇತ್ತು. ಅಂದರೆ ಅದು ಬರೀ ಶಾರ್ಟ್‌ಕಟ್. ಪುಸ್ತಕವಲ್ಲ, ಪುಸ್ತಕ ಕಂಪ್ಯೂಟರಿನಲ್ಲಿ ಎಲ್ಲಿದೆ ಅನ್ನುವ ವಿಳಾಸ. ಮನೆ ಬಿದ್ದುಹೋಗಿತ್ತು, ವಿಳಾಸವನ್ನು ಇವರು ದಿನಾ ಸಂಜೆ ತಪ್ಪದೆ ಜೋಪಾನ ಮಾಡಿದ್ದರು.

ಇದನ್ನು ವಿವರಿಸಿದ್ದಕ್ಕೆ ನನ್ನ ಮೇಲೇ ಸಿಟ್ಟಾದರು. "ನೋಡ್ರೀ, ಇಲ್ಲಿ ಎಂಟುನೂರು ವರ್ಷದ ಹಿಂದೆ ಕೆತ್ತಿದ್ದು ಇನ್ನೂ ನಿಂತಿದೆ. ಆ ಶಿಲ್ಪಿಗಳು ಬ್ಯಾಕಪ್ ಇಟ್ಟಿದ್ರಾ?"

"ಇಲ್ಲ ಸಾರ್" ಅಂದೆ. "ಆದ್ರೆ ಅವರು ಶಾರ್ಟ್‌ಕಟ್ ಕೆತ್ತಿರಲಿಲ್ಲ."

೪. ಅಣ್ಣ ತಮ್ಮಂದಿರ ಪಾರ್ಟಿಷನ್ನು

ಅರಸೀಕೆರೆಗೆ ಆರು ಮೈಲಿ ದೂರದ ಹಳ್ಳಿ. ಅಣ್ಣ ತಮ್ಮ ತೆಂಗಿನ ತೋಟ ಹಂಚಿಕೊಂಡು, ಮನೆಗೂ ನಡುವೆ ಗೋಡೆ ಎಬ್ಬಿಸಿದ್ದರು. ಕಂಪ್ಯೂಟರ್ ಮಾತ್ರ ಕುಯ್ಯಲು ಬಾರದ್ದರಿಂದ ತಾಯಿಯ ಕೋಣೆಯಲ್ಲಿ ಇಬ್ಬರಿಗೂ ಸೇರಿದ್ದಾಗಿ ಕೂತಿತ್ತು. ಹಾರ್ಡ್ ಡಿಸ್ಕಿನಲ್ಲೂ ಪಾರ್ಟಿಷನ್ ಮಾಡಬಹುದಂತೆ ಅಂತ ಯಾರೋ ಪುಣ್ಯಾತ್ಮರು ಅವರಿಗೆ ಹೇಳಿದ್ದರು. ಪಾರ್ಟಿಷನ್ ಅನ್ನುವ ಇಂಗ್ಲಿಷ್ ಪದ ಕೋರ್ಟಿನ ಕೃಪೆಯಿಂದ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಹಂಚಿಕೊಡಿ ಅಂತ ನನ್ನನ್ನು ಕರೆಸಿದರು. ನಲವತ್ತು ಜಿಬಿ ಹಾರ್ಡ್ ಡಿಸ್ಕ್. ಪರದೆಯ ಮೇಲೆ ಮೂವತ್ತೇಳು ಅಂತ ತೋರಿಸಿತು.

"ಮೂರು ಎಲ್ಲೋಯ್ತು?" ತಮ್ಮ ಎದ್ದು ನಿಂತ.

ಕಂಪನಿಯವರು ಲೆಕ್ಕ ಹಾಕುವ ಬಗೆಯೇ ಬೇರೆ, ಕಂಪ್ಯೂಟರಿನ ಲೆಕ್ಕವೇ ಬೇರೆ ಅಂತ ಹತ್ತು ನಿಮಿಷ ವಿವರಿಸಿದೆ. ಇಬ್ಬರೂ ನನ್ನನ್ನು ಕಳ್ಳನನ್ನು ನೋಡಿದ ಹಾಗೆ ನೋಡಿದರು. ಕೊನೆಗೆ, "ಅದು ಖರಾಬು ಕಣ್ರೀ" ಅಂದೆ. "ಓ, ಖರಾಬಾ? ಹಂಗನ್ನಿ ಮತ್ತೆ" ಅಂತ ಇಬ್ಬರೂ ಕೂತರು. ಸಾಗುವಳಿಗೆ ಬಾರದ ನೆಲವನ್ನು ಖರಾಬು ಅಂತ ಕಳೆದು ಬರೆದ ಪಹಣಿ ನೋಡಿದವರಿಗೆ ಅಷ್ಟು ಸಾಕು. ಉಳಿದದ್ದನ್ನು ಸಮನಾಗಿ ಎರಡು ಪಾಲು ಮಾಡಿ ತೋರಿಸಿದೆ.

"ಸಿ, ಡಿ ಅಂತ ಎರಡೇ ಐತಲ್ಲ. ಎ, ಬಿ ಯಾರಿಗೆ ಬರ್ಕೊಟ್ರಿ?" ಅಣ್ಣನ ಪ್ರಶ್ನೆ.

"ಎ ಫ್ಲಾಪಿಗೆ. ಬಿ ಯಾರಿಗೂ ಇಲ್ಲ, ಖಾಲಿ."

"ಗೋಮಾಳ" ಅಂತ ತಮ್ಮ ತೀರ್ಪು ಕೊಟ್ಟ.

ಹಿರಿಯ ಅನ್ನುವ ಹಕ್ಕಿನಲ್ಲಿ ಅಣ್ಣ ಸಿ ತೆಗೆದುಕೊಂಡ. ನೋಡಿದರೆ ಅದರಲ್ಲಿ ಆಗಲೇ ಎರಡು ಜಿಬಿ ತುಂಬಿತ್ತು. "ಯಾವನ್ಲಾ ಅವ್ನು ವಿಂಡೋಸು, ನನ್ನ ಪಾಲ್ನಾಗೆ ಬಂದು ಕೂತವ್ನೆ? ಎಬ್ಬಿಸ್ರಿ!"

"ಅವನನ್ನ ಎಬ್ಬಿಸೋ ಹಾಗಿಲ್ಲ. ಎಬ್ಬಿಸಿದ್ರೆ ಇಡೀ ಕಂಪ್ಯೂಟರ್ ನಿಲ್ಲುತ್ತೆ."

"ಗೇಣಿದಾರನೇ ಬಿಡು" ಅಂತ ಅಣ್ಣ ನಿಟ್ಟುಸಿರು ಬಿಟ್ಟ. ತಮ್ಮನಿಗೆ ಅಷ್ಟು ಖುಷಿಯಾಗಿದ್ದು ತೋಟ ಹಂಚಿದಾಗಲೂ ನಾನು ಕೇಳಿಲ್ಲ.

ಅಲ್ಲಿಯವರೆಗೆ ಮಂಚದ ಮೇಲೆ ಸುಮ್ಮನೆ ಕೂತಿದ್ದ ತಾಯಿ, "ನಂಗೇನೈತೆ ಅದ್ರಾಗೆ?" ಅಂದರು. ಮಕ್ಕಳಿಬ್ಬರೂ ನನ್ನ ಮುಖ ನೋಡಿದರು. ಏನಾದರೂ ಹೇಳಬೇಕಲ್ಲ ಅಂತ ರೀಸೈಕಲ್ ಬಿನ್ ತೋರಿಸಿದೆ. "ಈ ಬುಟ್ಟಿ ನಿಮ್ದು ಅಜ್ಜಿ. ಇವರಿಬ್ಬರೂ ಬ್ಯಾಡ ಅಂತ ಎಸೆದಿದ್ದೆಲ್ಲ ಇದಕ್ಕೆ ಬೀಳುತ್ತೆ. ನಿಮ್ಮನ್ನ ಕೇಳದೆ ಯಾರೂ ಇದನ್ನ ಖಾಲಿ ಮಾಡೋ ಹಾಗಿಲ್ಲ."

"ಆಗ್ಲಿ ಬಿಡಪ್ಪ. ಮೊದ್ಲಿಂದ್ಲೂ ನನ್ನ ಪಾಲಿಗೆ ಬಂದಿರೋದು ಅದೇ."

ಆರು ತಿಂಗಳ ಮೇಲೆ ತಮ್ಮ ಓಡಿಬಂದ. ಮಗಳ ನಾಮಕರಣದ ಫೋಟೋಗಳನ್ನೆಲ್ಲ ಹೆಂಡತಿ ಕೈತಪ್ಪಿ ಅಳಿಸಿಬಿಟ್ಟಿದ್ದಳು. ಹೋದೆ. ಅಜ್ಜಿಯ ಅಪ್ಪಣೆ ಪಡೆದು, ಮನೆಮಂದಿಯೆಲ್ಲರ ಎದುರು ಬುಟ್ಟಿ ತೆರೆದೆ. ಒಂದು ಫೋಟೋನೂ ಬಿಡದೆ ಎಲ್ಲ ಸಿಕ್ಕಿತು. ತಮ್ಮನ ಹೆಂಡತಿ ಅತ್ತೆಯ ಕಾಲಿಗೆ ಬಿದ್ದಳು. ಅಜ್ಜಿ ಬೀಗುತ್ತ, "ಈ ಅಪ್ಪಂಗೆ ಮಜ್ಜಿಗೆ ತಾರವ್ವ" ಅಂದರು. ಅದೇ ಹೊತ್ತಿಗೆ ಅವರ ಕಣ್ಣು ಪರದೆಯ ಮೂಲೆಗೆ ಹೋಯಿತು.

"ಅದ್ಯಾರು? ನಾನಲ್ವಾ?"

ಅವರೇ. ಹಳೇ ಕಂಚಿ ಸೀರೆ ಉಟ್ಟು, ಕೈಕಟ್ಟಿ ನಿಂತ ಫೋಟೋ. ಅದೂ ಎರಡೆರಡು. ಎಲ್ಲಿಂದ ಬಂದು ಬಿದ್ದದ್ದು ಅನ್ನುವುದನ್ನೂ ಆ ಬುಟ್ಟಿ ಪಕ್ಕದಲ್ಲೇ ಬರೆದುಕೊಂಡಿರುತ್ತದೆ. ಒಂದು ಸಿ ಡ್ರೈವಿನಿಂದ ಬಿದ್ದಿತ್ತು, ಇನ್ನೊಂದು ಡಿ ಡ್ರೈವಿನಿಂದ.

"ನನ್ನ ಯಾವನ್ಲಾ ಬುಟ್ಟಿಗೆ ಎಸೆದೋನು?"

ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ, ಒಂದೇ ತಾಯಿಯ ಮಕ್ಕಳು ಅಂತ ಮೊದಲ ಬಾರಿಗೆ ನನಗೆ ನಂಬಿಕೆ ಬರುವ ಹಾಗೆ ಒಂದೇ ದನಿಯಲ್ಲಿ ಹೇಳಿದರು.

"ಇನ್ಯಾರು ಕಣವ್ವ, ಈ ರಿಪೇರಿಯೋರೇ!"