ಮಳಿಗೆಗೆ ಅರ್ಜಿ ಹಾಕಿದವರೆಲ್ಲ ಒಬ್ಬರೇ ಆಗಿರುವ ಬಗ್ಗೆ

ಸಂಖ್ಯೆ: ಮಳಿಗೆ/ಜಾಲತಾಣ/ಪತ್ತೆ/೧೭(ಅ)/ತಿದ್ದುಪಡಿ-೪

ವಿಷಯ: ಜಾಲತಾಣಕ್ಕೆ ಬರುವವರ ಬ್ರೌಸರ್ (ತಾಣ ತೆರೆಯುವ ತಂತ್ರಾಂಶ) ಯಾವುದು, ಯಂತ್ರ ಯಾವುದು ಎಂದು ಸ್ಕ್ರಿಪ್ಟ್ (ತಾಣದೊಳಗಿನ ಕಿರು ಪ್ರೋಗ್ರಾಂ) ಮೂಲಕ ಪತ್ತೆಹಚ್ಚಿದ್ದರಿಂದ ಉದ್ಭವಿಸಿರುವ ಪರಿಸ್ಥಿತಿ.

ಉಲ್ಲೇಖ: ೧. ಟೈಲರ್ ಅಕ್ಕನವರ ಮೌಖಿಕ ಆಕ್ಷೇಪಣೆ, ಮೂರನೇ ಕಿಟಕಿ, ಗಟ್ಟಿ ದನಿಯಲ್ಲಿ.
೨. ಅದೇ, ಮರುದಿನ, ಇನ್ನೂ ಗಟ್ಟಿಯಾಗಿ.

ಹೊಸ ಮಾರುಕಟ್ಟೆಯ ಇಪ್ಪತ್ತನಾಲ್ಕು ಮಳಿಗೆಗಳಿಗೆ, ಮೊದಲು ಬಂದವರಿಗೆ ಮೊದಲು, ಒಬ್ಬರಿಗೆ ಒಂದೇ ಅರ್ಜಿ ಎಂಬ ನಿಯಮದಂತೆ ಜಾಲತಾಣದಲ್ಲಿ ಅರ್ಜಿ ಕರೆಯಲಾಗಿತ್ತು. ಸ್ಕ್ರಿಪ್ಟಿನ ವರದಿಯಂತೆ ಬಂದ ೪,೨೧೬ ಅರ್ಜಿಗಳೂ ಒಬ್ಬರವೇ. ಆದ್ದರಿಂದ ಈ ಮುಂದಿನಂತೆ ತಿಳಿಯಪಡಿಸಲಾಗಿದೆ:

೧. ಬ್ರೌಸರನ್ನು ಹೆಸರು ಕೇಳಿದರೆ ಅದು ನೆಟ್ಟಗೆ ಹೇಳುವುದಿಲ್ಲ. ಸಂಬಂಧ ಕುದುರಿಸಲು ಬಂದ ಸೋದರಮಾವನಂತೆ ಮೊದಲು ಮನೆತನದ ಹಿರಿಯರ ಹೆಸರು, ಆಮೇಲೆ ಅಕ್ಕಪಕ್ಕದವರದು, ಎಲ್ಲ ಮುಗಿದ ಮೇಲೆ ತನ್ನದನ್ನು ಹೇಳುತ್ತದೆ. ಆ ಹಿರಿಯರ ಹೆಸರು ಎಲ್ಲ ಬ್ರೌಸರಿಗೂ ಒಂದೇ. ಸಮಯ ಉಳಿಸಲು ನಮ್ಮ ಸ್ಕ್ರಿಪ್ಟ್ ಮೊದಲ ಪದವನ್ನಷ್ಟೇ ಓದಿ, ಅದು ಒಂದೇ ಆಗಿರುವವರನ್ನೆಲ್ಲ ಒಬ್ಬರೆಂದು ಎಣಿಸುತ್ತದೆ. ಇದನ್ನು ದೋಷವೆಂದು ಕರೆಯತಕ್ಕದ್ದಲ್ಲ, ಮಿತವ್ಯಯವೆಂದು ಕರೆಯತಕ್ಕದ್ದು.

೨. ಮೊದಲ ಅರ್ಜಿ ಬೀಗ ರಿಪೇರಿಯ ಮೀಸೆಯಣ್ಣನದು. ಉಳಿದ ೪,೨೧೫ ಮಂದಿಯೂ ಮೀಸೆಯಣ್ಣನೇ ಎಂದು ಪರಿಗಣಿಸಿ ಅವರ ಅರ್ಜಿಗಳನ್ನು ವಜಾ ಮಾಡತಕ್ಕದ್ದು.

೩. ಎರಡನೆಯ ಅರ್ಜಿದಾರರಾದ ಟೈಲರ್ ಅಕ್ಕ ಈಗಿನ ಅಂಗಡಿಯನ್ನು ಶನಿವಾರದೊಳಗೆ ಖಾಲಿ ಮಾಡಬೇಕಿದ್ದು, ಎರಡು ಹೊಲಿಗೆ ಯಂತ್ರ, ಅರ್ಧ ಹೊಲಿದ ಹದಿನೇಳು ಅಂಗಿಗಳನ್ನು ಎಲ್ಲಿಡಲಿ ಎಂದು ಕೇಳಿರುತ್ತಾರೆ. “ಅಲ್ಲ ಸ್ವಾಮಿ, ನಾನೇ ಮೀಸೆಯಣ್ಣ ಆದ್ರೆ ನನ್ನ ಗಂಡನ ಗತಿ ಏನು? ಆ ಅಣ್ಣನಿಗೊಂದು ಗುಂಡಿ ಹೊಲಿಯೋಕೂ ಬರಲ್ಲ!” ಎಂದಿದ್ದನ್ನೂ ಕಡತಕ್ಕೆ ಸೇರಿಸಲಾಗಿದೆ. ಮೀಸೆ ಇದೆಯೋ ಇಲ್ಲವೋ ಎಂದು ನೋಡುವ ಸೌಲಭ್ಯ ಸ್ಕ್ರಿಪ್ಟಿನಲ್ಲಿರುವುದಿಲ್ಲ.

೪. ಫೋನಿನಲ್ಲಿ ಬಂದವರು ತಮ್ಮನ್ನು ಸಣ್ಣ ಮೀಸೆಯಣ್ಣನೆಂದೂ ಕಂಪ್ಯೂಟರಿನಲ್ಲಿ ಬಂದವರು ಅಗಲ ಮೀಸೆಯಣ್ಣನೆಂದೂ ನಮೂದಿಸತಕ್ಕದ್ದು. ಫೋನನ್ನು ಅಡ್ಡ ಹಿಡಿದವರು ಮಲಗಿರುವ ಮೀಸೆಯಣ್ಣ.

೫. ಖುದ್ದಾಗಿ ಬರುವವರನ್ನು ಗೇಟಿನ ಕಾವಲುಗಾರರು ಹೆಸರು ಕೇಳಿ, ಮೊದಲ ಪದ ಬಂದೊಡನೆ ಕೈಯೆತ್ತಿ ನಿಲ್ಲಿಸತಕ್ಕದ್ದು. ನಿನ್ನೆ ಹನ್ನೊಂದು ಮಂದಿಯ ಮೊದಲ ಪದ “ಅಯ್ಯೋ” ಆಗಿದ್ದು, ಎಲ್ಲರನ್ನೂ ಅಯ್ಯೋ ಎಂಬ ಒಬ್ಬರೇ ವ್ಯಕ್ತಿಯೆಂದು ದಾಖಲಿಸಲಾಗಿದೆ.

೬. ಇಂದು ಬೆಳಿಗ್ಗೆ ವಜಾ ಆದೇಶಕ್ಕೆ ಸಹಿ ಹಾಕಲು ಇಲಾಖಾ ಮುಖ್ಯಸ್ಥರು ಜಾಲತಾಣ ತೆರೆದಾಗ ಸ್ಕ್ರಿಪ್ಟ್ ಅವರನ್ನೂ “ಬನ್ನಿ ಮೀಸೆಯಣ್ಣ” ಎಂದು ಸ್ವಾಗತಿಸಿದೆ. ಸ್ಕ್ರಿಪ್ಟಿನ ತೀರ್ಮಾನವೇ ಅಂತಿಮ ಎಂಬ ಆದೇಶ ಅವರದೇ ಆದ್ದರಿಂದ, ಸಹಿ ಹಾಕುವ ಅಧಿಕಾರ ಮೀಸೆಯಣ್ಣನದೆಂದು ಒಪ್ಪದೆ ಗತ್ಯಂತರವಿರಲಿಲ್ಲ. ಬೀಗ ರಿಪೇರಿಯ ಮೀಸೆಯಣ್ಣನನ್ನು ಅರ್ಧ ಬಿಚ್ಚಿದ ಬೀಗದ ಸಮೇತ ಕರೆತಂದು ಮುಖ್ಯಸ್ಥರ ಕುರ್ಚಿಯಲ್ಲಿ ಕೂರಿಸಲಾಗಿದೆ.

೭. ಕಡತ ಓದಿದ ಮೀಸೆಯಣ್ಣ, “ಬೀಗ ಕೆಟ್ಟಿದೆ ಅಂತ ಮನೆಯವರನ್ನೇ ಕಳ್ಳರು ಅಂತಾರೇನ್ರಪ್ಪಾ?” ಎಂದು ಷರಾ ಬರೆದಿರುತ್ತಾರೆ. ಸದರಿ ಷರಾವನ್ನೇ ಆದೇಶವೆಂದು ಭಾವಿಸಿ, ಅರ್ಜಿಗಳಲ್ಲಿರುವ ಹೆಸರುಗಳನ್ನು ಕಣ್ಣಿನಿಂದ ಓದಲು, ಎರಡನೇ ಮಳಿಗೆಯನ್ನು ಟೈಲರ್ ಅಕ್ಕನವರಿಗೆ ಶುಕ್ರವಾರವೇ ಬಿಟ್ಟುಕೊಡಲು ಸಿಬ್ಬಂದಿಗೆ ಸೂಚಿಸಲಾಗಿದೆ.

(ಸಹಿ)
ಮೀಸೆಯಣ್ಣ
ಇಲಾಖಾ ಮುಖ್ಯಸ್ಥರು (ಸ್ಕ್ರಿಪ್ಟಿನ ಪ್ರಕಾರ)

ಪ್ರತಿಗಳು:
೧. ಟೈಲರ್ ಅಕ್ಕನವರಿಗೆ, ಬೀಗದ ಕೈ ಸಹಿತ.
೨. ಅವರ ಪತಿಗೆ, ಸಮಾಧಾನಕ್ಕಾಗಿ.
೩. ಹಿಂದಿನ ಮುಖ್ಯಸ್ಥರಿಗೆ: ಕುರ್ಚಿಗಾಗಿ ಜಾಲತಾಣದಲ್ಲಿ ಹೊಸದಾಗಿ ಅರ್ಜಿ ಸಲ್ಲಿಸುವುದು. ಬೇಕಾದರೆ ಬೇರೆ ಬ್ರೌಸರಿನಲ್ಲಿ ಪ್ರಯತ್ನಿಸಬಹುದು.